ರಿಜಿಸ್ಟರಿನಲ್ಲಿ ಇಲ್ಲದ ಮೂರು ದಿನ

ಚಿಂಚೋಳಿ ಕಡೆಯ ತಾಂಡಾದಿಂದ ಗುಳೆ ಹೋದ ನಾಲ್ವರು ಕೂಲಿಗಳ ಮೇಲೆ ಕಳ್ಳತನದ ಆರೋಪ ಬೀಳುವ ಕಥೆಯನ್ನು ನಾನು ಕಲಬುರಗಿಯಲ್ಲಿ ಕುಳಿತು ಮೊದಲ ಸಲ ಬರೆದಾಗ ಅದರಲ್ಲಿ ಒಬ್ಬ ಕ್ರೂರ ಇನ್‌ಸ್ಪೆಕ್ಟರ್ ಇದ್ದ, ಲಾಠಿ ಇತ್ತು, ರಕ್ತವಿತ್ತು, ಕೊನೆಯಲ್ಲಿ ಸೇಡೂ ಇತ್ತು. ನಲವತ್ತು ನಿಮಿಷದ ಅಪರಾಧ ಚಿತ್ರಕ್ಕೆ ಇಷ್ಟು ಸಾಕೆಂದು ನಂಬಿ ಚಿತ್ರಕಥೆಯನ್ನು ವಕೀಲಿ ಮಾಡುವ ಗೆಳೆಯನಿಗೆ ಓದಲು ಕೊಟ್ಟೆ. ಹೊಡೆತದ ದೃಶ್ಯಗಳ ಬಗ್ಗೆ ಅವನು ಏನೂ ಹೇಳಲಿಲ್ಲ. “ಇವರನ್ನ ಯಾವಾಗ ಹಿಡಕೊಂಡು ಬಂದೀವಂತ ರಿಜಿಸ್ಟರ್‌ನ್ಯಾಗ ಬರ್ದಾರ?” ಎಂದು ಕೇಳಿದ. ನನ್ನ ಕಥೆಯಲ್ಲಿ ರಿಜಿಸ್ಟರೇ ಇರಲಿಲ್ಲ.

ಬಂಧಿಸಿದವರನ್ನು 24 ಗಂಟೆಯೊಳಗೆ, ಪ್ರಯಾಣದ ಸಮಯವನ್ನು ಬಿಟ್ಟು, ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. ಬಂಧನದ ವೇಳೆ ಮತ್ತು ದಿನಾಂಕವನ್ನು ಬರೆದ ಪತ್ರವೊಂದು ಆಗಲೇಬೇಕು, ಅದಕ್ಕೆ ಮನೆಯವರೋ ಊರಿನ ಗಣ್ಯರೋ ಸಾಕ್ಷಿ ಹಾಕಬೇಕು, ಬಂಧಿತನೂ ಸಹಿ ಮಾಡಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆದರೆ ಕಾಗದದ ಮೇಲೆ ಆ 24 ಗಂಟೆ ಎಣಿಕೆಗೆ ಬರುವುದು ಬಂಧನವೆಂದು ಬರೆದ ಹೊತ್ತಿನಿಂದ. “ವಿಚಾರಣೆಗೆ ಕರೆದಿದ್ದೇವೆ” ಎಂದು ಹೇಳಿ ಮೂರು ದಿನ ನೆಲದ ಮೇಲೆ ಕೂರಿಸಿ, ಮೂರನೆಯ ಸಂಜೆ ಬಂಧನ ತೋರಿಸಿದರೆ, ಆ ಮೂರು ದಿನ ಯಾರ ಲೆಕ್ಕದಲ್ಲೂ ಇರುವುದಿಲ್ಲ. ಮನೆಯವರು ನಾನೂರು ಐನೂರು ಕಿಲೋಮೀಟರ್ ದೂರದಲ್ಲಿದ್ದರೆ, ಆ ನಗರದಲ್ಲಿ ಪರಿಚಯದವರೊಬ್ಬರೂ ಇಲ್ಲದಿದ್ದರೆ, ಕೇಳುವವರು ಯಾರು? ವಲಸೆ ಕಾರ್ಮಿಕನ ಬಡತನವನ್ನೂ ಠಾಣೆಯ ಭ್ರಷ್ಟಾಚಾರವನ್ನೂ ಒಂದೇ ಕಡೆ ಕಟ್ಟಿಹಾಕುವ ಗಂಟು ಇದೇ ಎಂದು ನನಗೆ ಅಂದು ಹೊಳೆಯಿತು. ಇನ್‌ಸ್ಪೆಕ್ಟರನನ್ನು ತೆಗೆದುಹಾಕಿ, ಠಾಣೆಯ ರೈಟರನನ್ನು ಕಥೆಯ ಮಧ್ಯಕ್ಕೆ ತಂದೆ. ಅವನು ಯಾರಿಗೂ ಹೊಡೆಯುವುದಿಲ್ಲ, ಜೋರಾಗಿ ಮಾತಾಡುವುದೂ ಇಲ್ಲ. ತಪ್ಪು ಹೊತ್ತನ್ನು ದುಂಡಗಿನ ಅಕ್ಷರದಲ್ಲಿ ಬರೆಯುತ್ತಾನೆ. ಅವನ ತಲೆಯ ಮೇಲೆ ಗೋಡೆಗೆ ಗಡಿಯಾರ ತೂಗುಹಾಕಿದೆವು. ಪ್ರತಿ ದೃಶ್ಯದಲ್ಲೂ ಗಡಿಯಾರದ ವೇಳೆ ಬೇರೆ, ರಿಜಿಸ್ಟರಿನ ವೇಳೆ ಬೇರೆ.

ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸುವ ದೃಶ್ಯಕ್ಕೂ ಗೆಳೆಯನೇ ಅರ್ಥ ಕೊಟ್ಟ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡದ್ದು ನ್ಯಾಯಾಲಯದಲ್ಲಿ ಸಾಕ್ಷ್ಯವಾಗುವುದಿಲ್ಲ. ಆದರೆ ಆರೋಪಿ ಹೇಳಿದ್ದರಿಂದ ಮಾಲು ಸಿಕ್ಕಿತೆಂದಾದರೆ ಅಷ್ಟು ಭಾಗ ಸಾಕ್ಷ್ಯವಾಗುತ್ತದೆ. 1872ರ ಸಾಕ್ಷ್ಯ ಕಾಯ್ದೆಯ 27ನೇ ಕಲಮಿನಲ್ಲಿದ್ದ ಈ ಮಾತು 2023ರ ಹೊಸ ಕಾಯ್ದೆಯಲ್ಲೂ ಉಳಿದಿದೆ. ಆದ್ದರಿಂದ ನನ್ನ ಚಿತ್ರದಲ್ಲಿ ಕಳುವಾಯಿತೆನ್ನುವ ತಾಮ್ರದ ತಂತಿಯ ಕಟ್ಟು ಮೊದಲೇ ಠಾಣೆಯ ಹಿಂದಿನ ಕೋಣೆಯಲ್ಲಿರುತ್ತದೆ, ಪಂಚನಾಮೆ ಆಮೇಲೆ ಹುಟ್ಟುತ್ತದೆ. ತಂತಿಯನ್ನು ನಿಜವಾಗಿ ಮಾರಿಕೊಂಡ ಗುತ್ತೇದಾರ ಠಾಣೆಗೆ ಕೊಡುವ ಹಣವೂ ಅವನದಲ್ಲ. ಕೂಲಿಗಳ ಮೇಸ್ತ್ರಿಯಾದ ಮುಕಾದಮನ ಮೂಲಕ ಅದು ಕೂಲಿಗಳ ಪಗಾರದಲ್ಲೇ ಮುರಿದುಕೊಳ್ಳುವ ಹಣ. ತಮ್ಮನ್ನು ಒಳಗೆ ಹಾಕಿಸಿದ ಲಂಚವನ್ನು ತಾವೇ ದುಡಿದು ತೀರಿಸುವ ಈ ಸುತ್ತನ್ನು ಸಂಭಾಷಣೆಯಲ್ಲಿ ಎಲ್ಲೂ ಹೇಳಿಸಲಿಲ್ಲ, ನೋಟುಗಳು ಕೈ ಬದಲಿಸುವುದನ್ನು ಮಾತ್ರ ತೋರಿಸಿದೆ.

ಬಾಗಿಲು ಮುಚ್ಚಿದ್ದ ಒಂದು ದಾಲ್ ಮಿಲ್ಲಿನ ಆಫೀಸನ್ನು ಠಾಣೆಯಾಗಿ ಸಜ್ಜುಗೊಳಿಸಿದೆವು. ಅದರ ನೆಲ ಶಹಾಬಾದಿನ ಪರ್ಸಿ. ಕಥೆಯ ಠಾಣೆ ಇರುವುದು ಮಹಾರಾಷ್ಟ್ರದ ಒಂದು ದೊಡ್ಡ ನಗರದ ಅಂಚಿನಲ್ಲಾದ್ದರಿಂದ, ನಮ್ಮ ಕಡೆಯ ಕಲ್ಲು ಕ್ಯಾಮೆರಾಕ್ಕೆ ಬೀಳಬಾರದೆಂದು ನಾನು ಚಾಪೆ ಹಾಸಲು ಹೇಳಿದೆ. ಮುಖ್ಯ ಪಾತ್ರ ಮಾಡುತ್ತಿದ್ದ ಯುವಕ, ತಾನೇ ಆರು ವರ್ಷ ಅಲ್ಲಿ ಗಾರೆ ಹೊತ್ತವನು, ಬೇಡವೆಂದ. ಅಲ್ಲಿನ ಹಳೆಯ ಚಾಳುಗಳಲ್ಲೂ ಕಚೇರಿಗಳಲ್ಲೂ ಇದೇ ಕಲ್ಲಿದೆ, ಅದನ್ನು ಅವರು ‘ಶಹಾಬಾದಿ ಫರಶಿ’ ಎಂದೇ ಕರೆಯುತ್ತಾರೆ ಎಂದು ತಿಳಿಸಿದ. ಚಾಪೆಯನ್ನು ಸುತ್ತಿಟ್ಟು ಹೊಸ ದೃಶ್ಯವೊಂದನ್ನು ಅಲ್ಲೇ ಬರೆದೆ: ಎರಡನೆಯ ರಾತ್ರಿ ನಿದ್ದೆ ಬಾರದೆ ಆ ಹುಡುಗ ನೆಲದ ಬೂದುಬಣ್ಣದ ಕಲ್ಲನ್ನು ಅಂಗೈಯಿಂದ ಸವರುತ್ತ, “ಇದು ನಮ್ಮ ಕಡೀ ಕಲ್ಲು. ನಮ್ಮಪ್ಪ ಖಣಿಯಾಗ ಇದನ್ನೇ ಒಡೀತಿದ್ದ” ಎಂದು ಪಕ್ಕದವನಿಗೆ ಹೇಳುತ್ತಾನೆ. ಇಡೀ ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದ ಮಾತು ಅದು, ಮತ್ತು ಅದು ನನ್ನ ಮೇಜಿನ ಮೇಲೆ ಹುಟ್ಟಲಿಲ್ಲ.

ಭಾಷೆಯ ವಿಷಯದಲ್ಲಿ ನನ್ನ ಎಣಿಕೆ ತಪ್ಪಿತು. ನಾಲ್ವರೂ ತಮ್ಮೊಳಗೆ ಲಂಬಾಣಿಗರ ಭಾಷೆಯಾದ ಗೋರ್‌ಬೋಲಿ, ಊರವರೊಡನೆ ಕನ್ನಡ, ಕೆಲಸದಲ್ಲಿ ಹಿಂದಿ ಆಡುತ್ತಾರೆ. ಹೇಳಿಕೆ ಬರೆಯುವುದು ಮರಾಠಿಯಲ್ಲಿ. ನೋಡುವವರಿಗೂ ಅದೇ ಕತ್ತಲೆ ತಟ್ಟಲಿ ಎಂದು ರೈಟರ್ ಗಟ್ಟಿಯಾಗಿ ಓದುತ್ತ ಬರೆಯುವ ಮರಾಠಿಗೆ ಅಡಿಬರಹ ಹಾಕಲಿಲ್ಲ. ಮಹಾರಾಷ್ಟ್ರದ ಗಡಿಗೆ ಹತ್ತಿರದ ಆಳಂದದಲ್ಲಿ ತೋರಿಸಿದಾಗ ಸಭೆಯ ಅರ್ಧ ಜನಕ್ಕೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಹುಡುಗರಿಗೆ ತಿಳಿಯದ ಸುಳ್ಳು ಅವರಿಗೆ ಪದಪದವಾಗಿ ತಿಳಿಯಿತು, ಹಿಂದಿನ ಸಾಲಿನಿಂದ ಒಬ್ಬರು “ಸಹಿ ಮಾಡಬ್ಯಾಡೋ ತಮ್ಮಾ” ಎಂದು ಕೂಗಿಯೇಬಿಟ್ಟರು. ಅಡಿಬರಹ ಇಲ್ಲದೆಯೇ ಉಳಿಸಿಕೊಂಡೆ.

ಕೊನೆಯ ದೃಶ್ಯವನ್ನು ಮಾತ್ರ ಮತ್ತೆ ಚಿತ್ರೀಕರಿಸಬೇಕಾಯಿತು. ತೊಗರಿ ರಾಶಿ ಮುಗಿದ ಮೇಲೆ, ಜನ ಮತ್ತೆ ಗುಳೆ ಹೊರಡುವ ಮುಂಚೆ, ತಾಂಡಾದಲ್ಲಿ ಬಿಳಿ ಧೋತರ ಕಟ್ಟಿ ಚಿತ್ರ ತೋರಿಸಿದೆವು. ಜಾಮೀನು ಸಿಕ್ಕು ನಾಲ್ವರು ಹೊರಬರುವಲ್ಲಿಗೆ ಚಿತ್ರ ಮುಗಿಯುತ್ತಿತ್ತು. ಗಂಡನೊಡನೆ ಹಲವು ವರ್ಷ ಕಟ್ಟಡದ ಕೆಲಸ ಮಾಡಿದ ಹೆಂಗಸೊಬ್ಬರು, “ಅಣ್ಣಾರೆ, ಆ ಹುಡುಗಂದು ಮೊಬೈಲ್ ಎಲ್ಲಿ ಹೋಯ್ತರಿ?” ಎಂದು ಕೇಳಿದರು. ಮೊದಲ ದಿನ ಠಾಣೆಯಲ್ಲಿ ಕಸಿದುಕೊಂಡದ್ದನ್ನು ತೋರಿಸಿ ನಾನು ಮರೆತೇಬಿಟ್ಟಿದ್ದೆ. ಹಾಜರಿ ಪುಸ್ತಕ ಮುಕಾದಮನ ಹತ್ತಿರ ಇರುತ್ತದೆ, ಆದ್ದರಿಂದ ವಾರಕ್ಕೊಮ್ಮೆ ಅದರ ಪುಟದ ಫೋಟೋ ತೆಗೆದಿಟ್ಟುಕೊಳ್ಳುತ್ತೇವೆ, ಫೋನ್ ಹೋದರೆ ದುಡಿದದ್ದಕ್ಕೆ ಪುರಾವೆಯೇ ಇಲ್ಲ ಎಂದು ಅವರು ವಿವರಿಸಿದರು.

ಎರಡು ವಾರದ ನಂತರ ಅದೇ ದಾಲ್ ಮಿಲ್ಲಿಗೆ ಹೋಗಿ ಮೂರು ನಿಮಿಷದ ದೃಶ್ಯ ಸೇರಿಸಿದೆವು. ಬಿಡುಗಡೆಯಾದ ಹುಡುಗ ತಿರುಗಿ ಒಳಗೆ ಬಂದು ಮೊಬೈಲ್ ಕೇಳುತ್ತಾನೆ. ರೈಟರ್ ಬೇಸರಪಡದೆ ರಿಜಿಸ್ಟರ್ ತೆರೆದು, ಅವನನ್ನು ತಂದ ದಿನದ ಪುಟವನ್ನು ಅವನ ಕಡೆಗೆ ತಿರುಗಿಸಿ, ಸಾಲಿನಿಂದ ಸಾಲಿಗೆ ಬೆರಳಿಟ್ಟು ತೋರಿಸುತ್ತಾನೆ. ಆ ಪುಟದಲ್ಲಿ ಮೊಬೈಲೂ ಇಲ್ಲ, ಹುಡುಗನ ಹೆಸರೂ ಇಲ್ಲ.