ಬ್ರನ್ಸನ್ ಎದುರು ‘ದುಬಾರಿ’ ಎಂದು ಬರೆದಿದ್ದೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಫ್ರೀ ಏಜೆಂಟ್‌ಗಳ, ಅಂದರೆ ಒಪ್ಪಂದ ಮುಗಿದು ಬೇರೆ ತಂಡ ಸೇರಬಲ್ಲ ಆಟಗಾರರ, ಸಂತೆ ಶುರುವಾಗುವುದು ಜೂನ್ 30ರ ಸಂಜೆ ಆರಕ್ಕೆ, ನ್ಯೂಯಾರ್ಕ್ ಸಮಯದಲ್ಲಿ. ಬೆಂಗಳೂರಿನಲ್ಲಿ ಆಗ ಜುಲೈ 1ರ ಬೆಳಗಿನ ಜಾವ ಮೂರೂವರೆ. ಆ ಹೊತ್ತಿಗೆ ಎದ್ದು ಕೂತು, ಯಾವ ತಂಡ ಯಾರನ್ನು ಎಷ್ಟಕ್ಕೆ ಕರೆದುಕೊಂಡಿತು ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಪಕ್ಕದಲ್ಲಿ ನನ್ನ ತೀರ್ಪು.

2022ರ ಪುಟದಲ್ಲಿ ನ್ಯೂಯಾರ್ಕ್ ನಿಕ್ಸ್ ಎದುರು ‘ದುಬಾರಿ’ ಎಂದಿದೆ. ಡಾಲಸ್‌ನಲ್ಲಿ ಆಡುತ್ತಿದ್ದ ಜೇಲನ್ ಬ್ರನ್ಸನ್‌ಗೆ ಅವರು ನಾಲ್ಕು ವರ್ಷಕ್ಕೆ 10.4 ಕೋಟಿ ಡಾಲರ್ ಕೊಟ್ಟಿದ್ದರು. ಹಿಂದಿನ ಸೀಸನ್ನಿನಲ್ಲಿ ಅವನ ಸರಾಸರಿ 16.3 ಅಂಕ, ಎತ್ತರ ಆರಡಿ ಎರಡಿಂಚು, ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ 2018ರ ಡ್ರಾಫ್ಟ್‌ನಲ್ಲಿ ಆಯ್ಕೆಯಾಗಿದ್ದು 33ನೆಯವನಾಗಿ. ಇಷ್ಟು ನೋಡಿ ಬರೆದ ಮಾತು ಅದು. ನ್ಯೂಯಾರ್ಕ್‌ಗೆ ಬಂದ ವರ್ಷವೇ ಅವನ ಸರಾಸರಿ 24ಕ್ಕೆ ಏರಿತು, ಮರುವರ್ಷ 28.7. ಎಲ್ಲಿ ಎಡವಿದೆ ಎಂದು ಕಂಡುಕೊಳ್ಳದೆ ಮುಂದಿನ ಪುಟಕ್ಕೆ ಹೋಗಲು ಮನಸ್ಸು ಒಪ್ಪಲಿಲ್ಲ.

ಹಳೆಯ ಪಂದ್ಯಗಳನ್ನು ಮತ್ತೆ ಹಾಕಿಕೊಂಡು ನೋಡಿದೆ. 2022ರ ಏಪ್ರಿಲ್‌ನ ಪ್ಲೇಆಫ್, ಯೂಟಾ ವಿರುದ್ಧದ ಸರಣಿ. ಮೀನಖಂಡದ ನೋವಿನಿಂದ ಡಾಲಸ್‌ನ ದೊಡ್ಡ ಆಟಗಾರ ಲೂಕಾ ಡಾನ್ಚಿಚ್ ಮೊದಲ ಮೂರು ಪಂದ್ಯ ಆಡಲಿಲ್ಲ. ಎರಡನೆಯದರಲ್ಲಿ ಬ್ರನ್ಸನ್ 41 ಅಂಕ ಗಳಿಸಿದ, ಒಂದು ಸಲವೂ ಚೆಂಡು ಕಳೆದುಕೊಳ್ಳಲಿಲ್ಲ. ಮೂರನೆಯದರಲ್ಲಿ 31. ಆ ಎರಡನ್ನೂ ಡಾಲಸ್ ಗೆದ್ದಿತು. ಇವನ್ನೆಲ್ಲ ಲೈವ್ ನೋಡಿದ್ದವನೇ ನಾನು, ಆದರೆ ಎರಡು ದಿನದ ಅದೃಷ್ಟ ಎಂದುಕೊಂಡಿದ್ದೆ. ಈ ಸಲ ಅವನ ಕಾಲುಗಳನ್ನೇ ನೋಡುತ್ತ ಕೂತೆ. ಬುಟ್ಟಿಯ ಹತ್ತಿರಕ್ಕೆ ನುಗ್ಗಿ, ಎರಡೂ ಪಾದ ಊರಿ ನಿಂತು, ಎದುರಾಳಿ ಹಾರುವವರೆಗೆ ಕಾದು, ತಿರುಗಿ ಶಾಟ್ ಹಾಕುತ್ತಾನೆ. ಅದಕ್ಕೆ ಎತ್ತರವೂ ಬೇಡ, ಓಟದ ವೇಗವೂ ಬೇಡ. ಬೇರೆ ಊರಿಗೆ ಹೋದರೂ ಜೊತೆಗೇ ಹೋಗುವ ವಿದ್ಯೆ ಅದು. ಆ 16.3, ಡಾನ್ಚಿಚ್ ಆಡಿಸಿ ಮಿಕ್ಕ ಚೆಂಡಿನಲ್ಲಿ ಬಂದ ಅಂಕ. ಅಂದಿನಿಂದ ಜೂನ್ ತಿಂಗಳಿಡೀ ನನ್ನ ಕೆಲಸ ಒಂದೇ: ತಂಡದ ದೊಡ್ಡ ಆಟಗಾರ ಹೊರಗೆ ಕೂತಿದ್ದ ಪಂದ್ಯಗಳನ್ನು ಹುಡುಕಿ ನೋಡುವುದು.

ಲೆಕ್ಕದಲ್ಲೂ ತಪ್ಪಿದ್ದೆ. ಒಟ್ಟು ಮೊತ್ತ ನೋಡಿ ಹೌಹಾರಿದ್ದೆ, ವರ್ಷವಾರು ಬಿಡಿಸಿ ನೋಡಿರಲಿಲ್ಲ. ಮೊದಲ ವರ್ಷ ಅವನ ಸಂಬಳ 2.77 ಕೋಟಿ, ಲೀಗ್‌ನ ಸ್ಯಾಲರಿ ಕ್ಯಾಪ್ (ಒಂದು ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕುವ ಮಿತಿ) 12.37 ಕೋಟಿ, ಅಂದರೆ ಶೇ 22ಕ್ಕಿಂತ ತುಸು ಹೆಚ್ಚು. ಸಾಮಾನ್ಯವಾಗಿ ಸಂಬಳ ವರ್ಷದಿಂದ ವರ್ಷಕ್ಕೆ ಏರುತ್ತದೆ, ಈ ಒಪ್ಪಂದದಲ್ಲಿ ಇಳಿಯುತ್ತಿತ್ತು. ಮೂರನೇ ವರ್ಷ ಸಂಬಳ ಸುಮಾರು 2.5 ಕೋಟಿ, ಕ್ಯಾಪ್ 14.06 ಕೋಟಿಗೆ ಬೆಳೆದಿತ್ತು. ಪಾಲು ಶೇ 18ರೊಳಗೆ ಬಂತು. ಮಾತುಕತೆ ಅವಧಿಗೆ ಮುನ್ನವೇ ನಡೆದಿತ್ತೆಂದು ಲೀಗ್ ನಿಕ್ಸ್‌ನ 2025ರ ಡ್ರಾಫ್ಟ್‌ನ ಎರಡನೇ ಸುತ್ತಿನ ಪಿಕ್, ಅಂದರೆ ಆಟಗಾರನನ್ನು ಆರಿಸುವ ಸರದಿ, ಕಿತ್ತುಕೊಂಡಿತು. ಆ ದಂಡ ಸೇರಿಸಿದರೂ ಈ ಬೆಲೆ ಅಗ್ಗ ಎಂದೇ ಹೇಳುತ್ತೇನೆ. 2025ರಲ್ಲಿ ನಿಕ್ಸ್ ಈಸ್ಟರ್ನ್ ಕಾನ್ಫರೆನ್ಸ್, ಅಂದರೆ ಲೀಗ್‌ನ ಪೂರ್ವ ವಿಭಾಗದ, ಫೈನಲ್ ತಲುಪಿತು, 2000ದ ನಂತರ ಮೊದಲ ಬಾರಿ.

ಅದೇ 2022ರ ಪುಟದ ಕೆಳಗೆ ಡೆನ್ವರ್ ಸೇರಿದ ಬ್ರೂಸ್ ಬ್ರೌನ್ ಹೆಸರಿದೆ. ವರ್ಷಕ್ಕೆ ಸುಮಾರು 65 ಲಕ್ಷ ಡಾಲರ್. ಅವನ ಎದುರು ‘ಒಳ್ಳೆಯದು’ ಎಂದು ಬರೆದಿದ್ದೆ, 2023ರಲ್ಲಿ ಡೆನ್ವರ್ ಚಾಂಪಿಯನ್ ಕೂಡ ಆಯಿತು. ಆದರೆ ಎರಡನೇ ವರ್ಷ ಇರುವುದೋ ಹೋಗುವುದೋ ಎಂಬ ಆಯ್ಕೆ ಆಟಗಾರನ ಕೈಯಲ್ಲಿತ್ತು. ನಿಯಮದ ಪ್ರಕಾರ ಡೆನ್ವರ್ ಅವನಿಗೆ ಹಳೆಯ ಸಂಬಳದ ಮೇಲೆ ಶೇ 20ರಷ್ಟು ಮಾತ್ರ ಹೆಚ್ಚಿಗೆ ಕೊಡಬಹುದಿತ್ತು. ಇಂಡಿಯಾನಾ ಎರಡು ವರ್ಷಕ್ಕೆ 4.5 ಕೋಟಿ ಮುಂದಿಟ್ಟಿತು, ಅವನು ಹೊರಟ. ಹಾಗಾಗಿ ಈಗ ಪ್ರತಿ ಹೆಸರಿನ ಮುಂದೆ ಇನ್ನೊಂದು ಕಾಲಂ ಎಳೆಯುತ್ತೇನೆ: ಯಾವ ವರ್ಷ, ಯಾರ ಇಚ್ಛೆಯಿಂದ ಈ ಒಪ್ಪಂದ ಮುರಿಯಬಹುದು? 2025ರ ಬೇಸಿಗೆಯಲ್ಲಿ ಬ್ರೌನ್ ಕನಿಷ್ಠ ಸಂಬಳಕ್ಕೆ ಡೆನ್ವರ್‌ಗೇ ಮರಳಿದ. ಆ ಸಾಲು ಬರೆಯುವಾಗ ನನಗೆ ನಿಜಕ್ಕೂ ಖುಷಿಯಾಗಿತ್ತು.