ನೆಟ್ ಇಲ್ಲದೆ, ಹದಿನೇಳು ಹಳೇ ಫೋನ್‌ಗಳಲ್ಲಿ ಪಾಠ: ನನ್ನ ಅನುಭವ

ಚಳ್ಳಕೆರೆ ತಾಲ್ಲೂಕಿನ ನಮ್ಮ ಹೈಸ್ಕೂಲಿನಲ್ಲಿ ಈ ವರ್ಷ ಹತ್ತನೇ ತರಗತಿ ಮಕ್ಕಳು ವಿದ್ಯುತ್ ಪಾಠವನ್ನು ಫೋನಿನಲ್ಲಿ ತಾವೇ ಸರ್ಕಿಟ್ ಕಟ್ಟಿ ಕಲಿತರು. ಇದಕ್ಕೆ ನೆಟ್ ಬಳಸಿಲ್ಲ, ಹೊಸ ಫೋನ್ ಒಂದನ್ನೂ ಕೊಂಡಿಲ್ಲ. "ನಮ್ಮಂಥ ಊರಿಗೆ ಇದೆಲ್ಲ ಆಗೋದಲ್ಲ ಬಿಡಿ ಸರ್" ಅಂತಿದ್ದ ಅಕ್ಕಪಕ್ಕದ ಶಾಲೆಯ ಮೇಷ್ಟ್ರುಗಳು ಈಗ ಪೆನ್‌ಡ್ರೈವ್ ಹಿಡಿದು ಬರುತ್ತಿದ್ದಾರೆ. ಬಂದವರೆಲ್ಲ ಕೇಳೋದು ಅದೇ ಪ್ರಶ್ನೆ: ಇದನ್ನ ಹೇಗೆ ಮಾಡಿದಿರಿ, ಎಲ್ಲಿ ತೊಂದರೆ ಆಯಿತು? ಹಾಗಾಗಿ ಒಂದೇ ಸಲ ಬರೆದುಬಿಡೋಣ ಅಂತ ಕೂತೆ.

ರಾಸ್ಪ್‌ಬೆರಿ ಪೈ 3 ಅನ್ನೋ ಅಂಗೈಯಗಲದ ಕಂಪ್ಯೂಟರ್, ಅದರ ಮೇಲೆ ನೆಟ್ ಇಲ್ಲದೆ ವೆಬ್ ಪುಟ ತೋರಿಸುವ ಕಿವಿಕ್ಸ್ ತಂತ್ರಾಂಶ, ಕನ್ನಡ ವಿಕಿಪೀಡಿಯ, ಕನ್ನಡದಲ್ಲಿರುವ ಫೆಟ್ ಸಿಮ್ಯುಲೇಶನ್‌ಗಳು (ಪರದೆಯ ಮೇಲೆ ಮಾಡಿ ನೋಡುವ ವಿಜ್ಞಾನದ ಪ್ರಯೋಗಗಳು), ಜೊತೆಗೆ ನಾನೇ ಟೈಪ್ ಮಾಡಿದ ಪಾಠದ ಪುಟಗಳು. ಮಕ್ಕಳ ಫೋನ್‌ಗಳು ವೈಫೈ ಮೂಲಕ ಪೈನಿಂದ ಇವನ್ನು ತೆರೆಯುತ್ತವೆ. ಇಷ್ಟೇ. ಇವನ್ನು ಹಾಕೋ ವಿಧಾನ ಇಲ್ಲಿ ಬರೆಯೋಲ್ಲ. ನಾನು ಎಲ್ಲಿ ಎಡವಿದೆ ಅನ್ನೋದನ್ನಷ್ಟೇ ಹೇಳುತ್ತೇನೆ.

ಪೈನಲ್ಲಿ ಎಲ್ಲಾ ಇರೋದು ಒಂದು ಮೆಮೊರಿ ಕಾರ್ಡಿನಲ್ಲಿ. ಮೊದಲ ವರ್ಷ ಪೂರ್ತಿ ಆ ಕಾರ್ಡಿಗೇ ಹೋಯಿತು. ಪಾಠದ ನಡುವೆ ಕರೆಂಟ್ ಹೋದರೆ ಕಾರ್ಡ್ ಕೆಡುತ್ತಿತ್ತು. ಮೂರು ಕಾರ್ಡ್ ಸುಟ್ಟೆ, ಒಂದೊಂದಕ್ಕೆ ಸುಮಾರು 700 ರೂಪಾಯಿ. ಪ್ರತಿ ಸಲವೂ ರಾತ್ರಿ ಹನ್ನೊಂದರವರೆಗೆ ಕೂತು ಎಲ್ಲಾ ಮತ್ತೆ ತುಂಬಬೇಕು. ಕಾರ್ಡು ಕಳಪೆ ಅಂತ ಅಂಗಡಿಯವರ ಹತ್ತಿರ ಜಗಳ ಆಡಿದ್ದೂ ಉಂಟು. ನಿಜವಾದ ಕಾರಣ ಕಣ್ಣೆದುರೇ ಇತ್ತು. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬಂದು ಬಂದು ಹೋಗುತ್ತಿತ್ತು. ಅದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಫೋನಿನ ಚಾರ್ಜರ್, ತೆಳ್ಳನೆ ಕೇಬಲ್. ಪೈಗೆ ಬೇಕಾದಷ್ಟು ವೋಲ್ಟೇಜ್ ಸಿಗ್ತಾನೇ ಇರಲಿಲ್ಲ.

ಕೊನೆಗೆ ಹಳೇ ಯುಪಿಎಸ್‌ನಿಂದ ತೆಗೆದ 12 ವೋಲ್ಟಿನ ಬ್ಯಾಟರಿ ಇಟ್ಟೆ. 5 ವೋಲ್ಟಿಗೆ ಇಳಿಸುವ ಚಿಕ್ಕ ಬೋರ್ಡ್ ನೂರಿಪ್ಪತ್ತು ರೂಪಾಯಿಗೆ ಸಿಕ್ಕಿತು. ಅದರ ತಿರುಪನ್ನು ತಿರುಗಿಸಿ 5.1ಕ್ಕೆ ನಿಲ್ಲಿಸಿ, ಗೇಣುದ್ದದ ದಪ್ಪ ವೈರಿನಲ್ಲಿ ಬೆಸುಗೆ ಹಾಕಿದೆ. ಕಾರ್ಡನ್ನು ಓದೋಕೆ ಮಾತ್ರ ಬಿಟ್ಟು, ಮಕ್ಕಳು ಬರೆದದ್ದೆಲ್ಲ ಪೆನ್‌ಡ್ರೈವಿಗೆ ಹೋಗೋ ಹಾಗೆ ಮಾಡಿದೆ. ಆಮೇಲೆ ಹೆಚ್ಚುಕಡಿಮೆ ಎರಡು ವರ್ಷ ಆಯಿತು, ಒಂದು ಕಾರ್ಡೂ ಹೋಗಿಲ್ಲ.

ಫೋನ್‌ಗಳು ಬೆಂಗಳೂರಲ್ಲಿ ಕೆಲಸ ಮಾಡುವ ನಮ್ಮ ಹಳೇ ವಿದ್ಯಾರ್ಥಿಗಳು ಕೊಟ್ಟವು. ಇಪ್ಪತ್ತಾರೋ ಇಪ್ಪತ್ತೇಳೋ ಬಂದವು. ಬ್ಯಾಟರಿ ಉಬ್ಬಿದವನ್ನು ಮುಟ್ಟದೆ ಬೇರೆ ಇಟ್ಟೆ. ತೀರಾ ಹಳೇ ಆಂಡ್ರಾಯ್ಡ್ ಇದ್ದವುಗಳಲ್ಲಿ ಫೆಟ್ ತೆರೆಯಲೇ ಇಲ್ಲ. ಉಳಿದದ್ದು ಹದಿನೇಳು. ಪೈನ ಸ್ವಂತ ವೈಫೈ ಹತ್ತು ಫೋನಿಗೇ ಸುಸ್ತಾಯಿತು. ಚಿತ್ರದುರ್ಗದಿಂದ 400 ರೂಪಾಯಿಗೆ ಸೆಕೆಂಡ್ ಹ್ಯಾಂಡ್ ರೌಟರ್ ತಂದು ಹಾಕಿದ ಮೇಲೆ ಸರಿಹೋಯಿತು. ಎಲ್ಲಾ ಸೇರಿ ಹದಿಮೂರು, ಹದಿನಾಲ್ಕು ಸಾವಿರ ಆಗಿರಬಹುದು. ಅದರಲ್ಲಿ ಒಂಬತ್ತು ಸಾವಿರ ನನ್ನ ಕೈಯಿಂದ, ಮಿಕ್ಕಿದ್ದು ಶಾಲಾ ಸಮಿತಿ (ಎಸ್‌ಡಿಎಂಸಿ)ಯವರು ಕೊಟ್ಟರು. ನೆಟ್ ಇಲ್ಲದ ವೈಫೈಯನ್ನು ಫೋನು ತಾನಾಗಿಯೇ ಬಿಟ್ಟುಬಿಡುತ್ತದಲ್ಲ, ಅದಕ್ಕೂ ಒಂದು ಉಪಾಯ ಮಾಡಿದ್ದೇನೆ. ಅದು ಇಲ್ಲಿ ಬೇಡ. ಶಾಲೆಗೆ ಬನ್ನಿ, ತೋರಿಸುತ್ತೇನೆ.

ನಡುವೆ ಇನ್ನೊಂದು ಕೆಲಸಕ್ಕೆ ಕೈ ಹಾಕಿದೆ. ನನ್ನ ಹತ್ತು ವರ್ಷದ ನೋಟ್ಸ್, ಪ್ರಶ್ನೆಪತ್ರಿಕೆ ಎಲ್ಲಾ ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿದ್ದವು. ಫೋನಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಫೋನಿನಲ್ಲೂ ಓದೋಕೆ ಬರುವ ಯೂನಿಕೋಡಿಗೆ ಬದಲಾಯಿಸಿದರೆ ಒತ್ತಕ್ಷರ ಅಲ್ಲಲ್ಲಿ ಒಡೆಯುತ್ತಿತ್ತು. ಎಂಟನೇ ತರಗತಿ ಮಕ್ಕಳಿಗೆ ತಪ್ಪು ಹುಡುಕೋ ಕೆಲಸ ಕೊಟ್ಟೆ. ಒಂದು ತಿಂಗಳು ಹಿಡಿಯಿತು. ಆ ಮಕ್ಕಳ ಕಾಗುಣಿತ ಸುಧಾರಿಸಿದ್ದು ನಾನು ನಿರೀಕ್ಷೆ ಮಾಡದೆ ಬಂದ ಲಾಭ.

ಈಗ ಮನಸ್ಸಿನಲ್ಲಿ ಉಳಿದ ಮಾತು. ನಮ್ಮಲ್ಲಿಗೆ ಇದಕ್ಕೂ ಮೊದಲು ವಿದೇಶದ ಒಂದು ತಂಡ ಎಂಟು ಟ್ಯಾಬ್ಲೆಟ್ ತಂದುಕೊಟ್ಟಿತ್ತು. ಒಳಗಿದ್ದದ್ದೆಲ್ಲ ಇಂಗ್ಲಿಷ್. ಒಂದು ವರ್ಷಕ್ಕೆ ಅವರ ಸರ್ವರ್ ನಿಂತಿತು, ಲಾಗಿನ್ ಆಗಲಿಲ್ಲ. ಅಲ್ಲಿಗೆ ಎಂಟೂ ಬೀರು ಸೇರಿದವು. ಕೊಟ್ಟವರ ಮನಸ್ಸು ಒಳ್ಳೆಯದೇ. ಆದರೆ ಬಡ ದೇಶದ ಮಕ್ಕಳ ಕೈಗೆ ಯಂತ್ರ ಕೊಟ್ಟರೆ ಸಾಕು ಅನ್ನೋ ನಂಬಿಕೆ ತುಂಬಾ ಹಳೆಯದು. 2005ರಲ್ಲಿ ಅಮೆರಿಕದ ಎಂಐಟಿಯ ನಿಕೋಲಸ್ ನೆಗ್ರೊಪಾಂಟೆ ಅವರ, ಬಡ ಮಕ್ಕಳಿಗೆಂದೇ ಮಾಡಿದ ನೂರು ಡಾಲರ್ ಲ್ಯಾಪ್‌ಟಾಪ್ ಯೋಜನೆ ಬಂತು, ಮಾರನೇ ವರ್ಷ ನಮ್ಮ ಸರ್ಕಾರ ಬೇಡ ಅಂತು. 2011ರಲ್ಲಿ ನಮ್ಮ ಸರ್ಕಾರದ್ದೇ ಅಗ್ಗದ ಆಕಾಶ್ ಟ್ಯಾಬ್ಲೆಟ್ ಬಂತು. ಎರಡಕ್ಕೂ ಆಸೆಯಿಂದ ಕಾದವನು ನಾನು. ಪಾಠ ಯಾವ ಭಾಷೆಯಲ್ಲಿದೆ, ಕೆಟ್ಟರೆ ಊರಲ್ಲಿ ಯಾರು ರಿಪೇರಿ ಮಾಡ್ತಾರೆ? ನನ್ನ ಕೇಳಿದರೆ ಮೊದಲು ಇವೆರಡನ್ನು ನೋಡಬೇಕು, ಯಂತ್ರ ಆಮೇಲೆ.

ಅದೇ ತಂಡ 2024ರ ಜುಲೈನಲ್ಲಿ ಮತ್ತೆ ಬಂತು. ಒಂಬತ್ತನೇ ತರಗತಿಯ ಒಬ್ಬ ಹುಡುಗಿಯನ್ನು, "ಕಂಪ್ಯೂಟರ್ ನೋಡಿದ್ದೀಯಾ ಪುಟ್ಟಾ?" ಅಂತ ದುಭಾಷಿಯ ಕೈಲಿ ಕೇಳಿಸಿದರು. ಅವಳು, "ಹೋದ ತಿಂಗಳು ನಮ್ಮ ಕಾವಲಿನಾಗೆ ಪುಷ್ಪಕ್ ಇಳೀತಲ್ಲ, ಅದು ನಿಮಗೆ ಗೊತ್ತೇನ್ರಿ?" ಅಂತ ತಿರುಗಿ ಕೇಳಿದಳು. ಅವರಿಗೆ ಗೊತ್ತಿರಲಿಲ್ಲ. ಪುಷ್ಪಕ್ ಅಂದರೆ ಮತ್ತೆ ಮತ್ತೆ ಬಳಸಬಹುದಾದ ರಾಕೆಟ್‌ಗಾಗಿ ಇಸ್ರೋ ಪರೀಕ್ಷೆ ಮಾಡುತ್ತಿದ್ದ, ರೆಕ್ಕೆ ಇರುವ ವಾಹನ. ವರವು ಕಾವಲು ಅನ್ನೋ ನಮ್ಮ ಹುಲ್ಲುಗಾವಲಿನ ರನ್‌ವೇ, ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿಲೋಮೀಟರ್ ಮೇಲಕ್ಕೆ ಒಯ್ದು ಬಿಡೋದು, ಅದು ತಾನೇ ದಾರಿ ಹಿಡಿದು ಗಂಟೆಗೆ 320 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ನೆಲ ಮುಟ್ಟೋದು, ಆಮೇಲೆ ಪ್ಯಾರಾಚೂಟ್ ಬಿಚ್ಚಿ ನೂರರ ಹತ್ತಿರಕ್ಕೆ ಇಳಿಸೋದು, ಎಲ್ಲಾ ಹೇಳಿದಳು. ಚಾಕ್‌ಪೀಸ್ ತಗೊಂಡು ನೆಲದ ಮೇಲೆ ಗೆರೆ ಎಳೆದು ತೋರಿಸಿದಳು. ಇಸ್ರೋ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದು ಪೈಗೆ ಹಾಕಿದ್ದೆ. ಅದನ್ನವಳು ಎಷ್ಟು ಸಲ ಓದಿದ್ದಳೋ. ನನ್ನ ಗಂಟಲು ಕಟ್ಟಿತು.

ಹೊರಡುವಾಗ ಆ ತಂಡದವರು ತೆಗೆದ ಫೋಟೋದಲ್ಲಿ ಅವಳು ನೆಲದ ಮೇಲೆ ಬರೆದ ಚಿತ್ರ ಇಲ್ಲ. ಹುಣಸೆ ಮರದ ಕೆಳಗೆ ಬರಿಗಾಲಲ್ಲಿ ನಿಂತ ಅವಳು ಮಾತ್ರ ಇದ್ದಾಳೆ. ಅದು ನನಗೆ ಇವತ್ತಿಗೂ ನೋವು.

ಮಾರನೇ ದಿನದಿಂದ ಪೈನಲ್ಲಿ "ನಮ್ಮೂರು" ಅಂತ ಒಂದು ಜಾಗ ಮಾಡಿ ಮಕ್ಕಳಿಂದಲೇ ಬರೆಸೋಕೆ ಶುರು ಮಾಡಿದೆ. ಕಂಬಳಿ ನೇಯುವ ಮನೆ, ಶೇಂಗಾ ಎಣ್ಣೆ ಮಿಲ್ಲು, ಕಾವಲಿನ ಹುಲ್ಲು, ಬ್ರಹ್ಮಗಿರಿಯ ಅಶೋಕನ ಶಾಸನ. ಇಲ್ಲೀವರೆಗೆ ನಲವತ್ತರ ಹತ್ತಿರ ಪುಟಗಳಾಗಿವೆ. ಪುಷ್ಪಕ್ ಪುಟವನ್ನು ಈಗ ಅವಳೇ ತಿದ್ದುತ್ತಾಳೆ. ನಾನು ಬರೆದಿದ್ದರಲ್ಲಿ ಎರಡು ತಪ್ಪು ಹಿಡಿದಿದ್ದಾಳೆ.