ಪ್ರೋಗ್ರೆಸಿವ್ ಕನ್ನಡಕ: ಒಂದು ಕಣ್ಣಿಗೆ ಅಕ್ಷರ ಸ್ಪಷ್ಟ, ಇನ್ನೊಂದಕ್ಕೆ ಮಸುಕು ಯಾಕೆ?

ದೂರಕ್ಕೂ ಓದಲಿಕ್ಕೂ ಒಂದೇ ಲೆನ್ಸ್ ಇರುವ ಹೊಸ ಪ್ರೋಗ್ರೆಸಿವ್ ಕನ್ನಡಕ ಬಂದಿದೆ. ದೂರದ ಬಸ್ ಬೋರ್ಡ್ ಚೆನ್ನಾಗಿ ಕಾಣುತ್ತದೆ. ಪೇಪರ್ ಕೈಗೆತ್ತಿಕೊಂಡರೆ ಮಾತ್ರ ಬಲಗಣ್ಣಿಗೆ ಅಕ್ಷರ ಸ್ಪಷ್ಟ, ಎಡಗಣ್ಣಿಗೆ ಮಸುಕು ಮಸುಕು. ಅಂಗಡಿಯಲ್ಲಿ ಹೇಳಿದರೆ ‘ಅಡ್ಜಸ್ಟ್ ಆಗುತ್ತೆ, ಹಾಕ್ಕೊಳ್ತಾ ಇರಿ’ ಅನ್ನುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ.

ಮೆಟ್ಟಿಲು ಇಳಿಯುವಾಗ ನೆಲ ತೇಲಿದಂತಾಗುವುದು, ತಲೆ ತಿರುಗಿಸಿದರೆ ಪಕ್ಕದ್ದೆಲ್ಲ ಅಲುಗಾಡಿದಂತೆ ಕಾಣುವುದು, ಇವು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ರೂಢಿಯಾಗುತ್ತವೆ. ಆದರೆ ಓದುವಾಗ ಒಂದು ಕಣ್ಣು ಮಾತ್ರ ಹಿಂದೆ ಬಿದ್ದರೆ ಲೆನ್ಸ್ ಕೂತ ಜಾಗದಲ್ಲೋ ಪವರ್‌ನಲ್ಲೋ ವ್ಯತ್ಯಾಸ ಇರಬಹುದು. ಎಷ್ಟು ದಿನ ಕಾದರೂ ಲೆನ್ಸ್ ತಾನಾಗಿ ಜಾಗ ಬದಲಿಸುವುದಿಲ್ಲ. ಹಾಗಾಗಿ ಸುಮ್ನೆ ಸಹಿಸಿಕೊಳ್ಳುವ ಬದಲು ಮನೆಯಲ್ಲೇ ಕೆಲವು ಪರೀಕ್ಷೆ ಮಾಡಿ ನೋಡಿ.

ಅದಕ್ಕೂ ಮೊದಲು ಒಂದು ಎಚ್ಚರಿಕೆ. ದೃಷ್ಟಿ ಇದ್ದಕ್ಕಿದ್ದಂತೆ ಮಂಜಾಗಿದ್ದರೆ, ನೇರ ಗೆರೆ ಸೊಟ್ಟಗೆ ಕಂಡರೆ, ಮಿಂಚು ಹೊಡೆದಂತಾದರೆ, ಪರದೆ ಇಳಿದಂತಾದರೆ, ಹೊಸದಾಗಿ ಒಂದು ವಸ್ತು ಎರಡಾಗಿ ಕಂಡರೆ ಅಂಗಡಿಗೆ ಹೋಗಬೇಡಿ. ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಲೆನ್ಸ್ ಒಳಗೆ ಏನಿದೆ?

ಮೇಲ್ಭಾಗದಲ್ಲಿ ದೂರದ ಪವರ್, ಕೆಳಗೆ ಓದುವ ಪವರ್. ಇವೆರಡನ್ನೂ ಸೇರಿಸುವ ಕಿರಿದಾದ ಓಣಿ ನಡುವೆ ಇದೆ. ಓಣಿಯ ಅಕ್ಕಪಕ್ಕ ಮಸುಕು ಇದ್ದೇ ಇರುತ್ತದೆ. ಫ್ರಾನ್ಸಿನಲ್ಲಿ 1959ರಲ್ಲಿ ವ್ಯಾರಿಲಕ್ಸ್ ಎಂಬ ಪ್ರೋಗ್ರೆಸಿವ್ ಲೆನ್ಸ್ ಬಂದಾಗಿನಿಂದ ಲೆನ್ಸ್ ಎಷ್ಟೋ ಸುಧಾರಿಸಿದೆ, ಆದರೂ ಈ ಪಕ್ಕದ ಮಸುಕನ್ನು ಪೂರ್ತಿ ತೆಗೆಯಲು ಆಗಿಲ್ಲ. ಓದುವಾಗ ಎರಡೂ ಕಣ್ಣು ಮೂಗಿನ ಕಡೆ ತಿರುಗುತ್ತವಲ್ವಾ? ಅದಕ್ಕೇ ಓದುವ ಭಾಗವನ್ನು ಪ್ರತಿ ಲೆನ್ಸಿನಲ್ಲೂ ಸುಮಾರು 2ರಿಂದ 2.5 ಮಿ.ಮೀ. ಒಳಕ್ಕೆ ಸರಿಸಿರುತ್ತಾರೆ. ಒಂದು ಲೆನ್ಸ್ ಒಂದೆರಡು ಮಿ.ಮೀ. ಆಚೀಚೆ ಕೂತರೂ ಆ ಕಣ್ಣು ಓಣಿ ಬಿಟ್ಟು ಮಸುಕಿನ ಮೂಲಕ ಓದಬೇಕಾಗುತ್ತದೆ.

ಮೊದಲು ಫ್ರೇಮ್ ನೋಡಿ

ಕನ್ನಡಕ ಒರೆಸಿ, ಕಡ್ಡಿಗಳನ್ನು ಬಿಚ್ಚಿ, ಸಮತಟ್ಟಾದ ಮೇಜಿನ ಮೇಲಿಡಿ. ಒಂದು ಕಡ್ಡಿ ಮೇಲೆದ್ದು ಕುಲುಕಾಡಿದರೆ ಫ್ರೇಮ್ ತಿರುಚಿದೆ. ಆಮೇಲೆ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲಿ. ಒಂದು ಬದಿ ತಗ್ಗಿದೆಯಾ? ಒಂದು ಲೆನ್ಸ್ ಕೆನ್ನೆಗೆ ಹತ್ತಿರ, ಇನ್ನೊಂದು ದೂರ ಇದೆಯಾ? ತುಂಬ ಜನರಿಗೆ ಒಂದು ಕಿವಿ ಕೊಂಚ ಮೇಲಿರುತ್ತದೆ, ಅದು ದೋಷವಲ್ಲ. ಕಡ್ಡಿಯನ್ನು ಅದಕ್ಕೆ ತಕ್ಕಂತೆ ಬಗ್ಗಿಸಿದರೆ ಸಾಕು. ಮನೆಯಲ್ಲಿ ಬಗ್ಗಿಸಲು ಹೋಗಬೇಡಿ, ಅಂಗಡಿಯಲ್ಲಿ ಬಿಸಿ ಮಾಡಿ ಸರಿ ಮಾಡಿಕೊಡುತ್ತಾರೆ. ಎಷ್ಟೋ ಸಲ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಒಂದೊಂದೇ ಕಣ್ಣಿನ ಪರೀಕ್ಷೆ

ಇದು ಮುಖ್ಯವಾದ ಹೆಜ್ಜೆ, ನಿಧಾನವಾಗಿ ಮಾಡಿ. ಒಳ್ಳೆಯ ಬೆಳಕು ಹೆಗಲ ಹಿಂದಿನಿಂದ ಬರುವಂತೆ ಕೂತುಕೊಳ್ಳಿ. ಪೇಪರನ್ನು ಒಂದು ಮೊಳಕ್ಕಿಂತ ತುಸು ಹತ್ತಿರ, ಅಂದರೆ ಸುಮಾರು 40 ಸೆಂ.ಮೀ. ದೂರದಲ್ಲಿ ಎದೆಯ ನೇರಕ್ಕೆ ಹಿಡಿಯಿರಿ. ಒಂದು ಲೆನ್ಸಿನ ಮುಂದೆ ಅಂಗೈ ಅಡ್ಡ ಇಡಿ, ಕಣ್ಣನ್ನು ಒತ್ತಬೇಡಿ. ಒತ್ತಿದರೆ ಆಮೇಲೆ ಸ್ವಲ್ಪ ಹೊತ್ತು ಆ ಕಣ್ಣು ಮಂಜಾಗುತ್ತದೆ. ತಲೆ ಅಲುಗಿಸದೆ ಕಣ್ಣನ್ನಷ್ಟೇ ಕೆಳಗಿಳಿಸಿ ಓದಿ. ದೊಡ್ಡ ಶೀರ್ಷಿಕೆ ಬೇಡ, ಸಣ್ಣ ಜಾಹೀರಾತು ಓದಿ. ‘ದ’ ಯಾವುದು ‘ಧ’ ಯಾವುದು, ‘ಪ’ ಯಾವುದು ‘ಫ’ ಯಾವುದು ಎಂದು ಆ ಪುಟ್ಟ ಗೀಟು ನೋಡಿ ಹೇಳಲು ಆಗುತ್ತದಾ? ಕೆಳಗಿನ ಒತ್ತಕ್ಷರ ಬಿಡಿಬಿಡಿಯಾಗಿ ಕಾಣುತ್ತದಾ? ಕಣ್ಣು ಮಿಟುಕಿಸಿದಾಗ ಸ್ಪಷ್ಟವಾಗಿ, ಮತ್ತೆ ಮಸುಕಾದರೆ ಕಣ್ಣು ಒಣಗಿದೆ, ಲೆನ್ಸಿನ ತಪ್ಪಿಲ್ಲ.

ಈಗ ಮಸುಕಾದ ಕಣ್ಣಿನಲ್ಲೇ ಓದುತ್ತಾ ಫ್ರೇಮನ್ನು ಬೆರಳಿನಿಂದ 2–3 ಮಿ.ಮೀ. ಮೇಲೆತ್ತಿ. ಅಕ್ಷರ ತಿಳಿಯಾದರೆ ಓದುವ ಭಾಗ ತೀರಾ ಕೆಳಗೆ ಕೂತಿದೆ, ಇಲ್ಲವೇ ಫ್ರೇಮ್ ಜಾರುತ್ತಿದೆ. ಮೂಗಿನ ಪ್ಯಾಡ್ ಇರುವ ಫ್ರೇಮ್ ಆದರೆ ಪ್ಯಾಡ್ ಹೊಂದಿಸಿದರೇ ಆಗಬಹುದು.

ಮೇಲೆತ್ತಿದರೂ ವ್ಯತ್ಯಾಸ ಇಲ್ಲವಾ? ಪೇಪರನ್ನು ನಿಧಾನವಾಗಿ ಎಡಕ್ಕೂ ಬಲಕ್ಕೂ ಸರಿಸಿ. ಕಿವಿಯ ಕಡೆ ಸರಿಸಿದಾಗ ಸ್ಪಷ್ಟವಾದರೆ ಆ ಲೆನ್ಸಿನ ಓಣಿ ಹೊರಗೆ ಕೂತಿದೆ. ಮೂಗಿನ ಕಡೆ ಸರಿಸಿದಾಗ ಸ್ಪಷ್ಟವಾದರೆ ತೀರಾ ಒಳಗಿದೆ. ಇನ್ನು ಪೇಪರನ್ನು ಹತ್ತಿರ ದೂರ ಮಾಡಿ ನೋಡಿ. ಈ ಕಣ್ಣಿಗೆ ಮಾತ್ರ ದೂರ ಹಿಡಿದರೆ ಓದಲು ಆಗುತ್ತದೆ ಅಂದರೆ ಅಲ್ಲಿ ಓದುವ ಪವರ್ ಸಾಲದು. ಹತ್ತಿರ ತಂದರೇ ಕಾಣುವುದಾದರೆ ಪವರ್ ಜಾಸ್ತಿಯಾಗಿದೆ.

ಇದ್ಯಾವುದಕ್ಕೂ ಬಗ್ಗದಿದ್ದರೆ ದಪ್ಪ ರಟ್ಟಿಗೆ ಗುಂಡುಸೂಜಿಯಿಂದ ತೂತು ಮಾಡಿ, ಅದರ ಮೂಲಕ ಅದೇ ಕಣ್ಣಿನಲ್ಲಿ ಓದಿ. ಅಕ್ಷರ ಚೂಪಾದರೆ ಪವರ್ ಇಲ್ಲವೇ ಲೆನ್ಸಿನ ಕಡೆಗೆ ಅನುಮಾನ ಹೋಗಬೇಕು. ಚೂಪಾಗದಿದ್ದರೆ ಪೊರೆಯಂಥದ್ದು ಏನಾದರೂ ಇದೆಯೇ ಎಂದು ಡಾಕ್ಟರಿಗೆ ತೋರಿಸಿ.

ಚೀಟಿಯನ್ನೂ ಓದಿ

ಕಣ್ಣು ಪರೀಕ್ಷೆ ಮಾಡಿ ಕೊಟ್ಟ ಚೀಟಿಯಲ್ಲಿ ‘ಆ್ಯಡ್’ ಎಂದು ಬರೆದಿರುವುದು ಓದಲು ಸೇರಿಸಿದ ಪವರ್. ಸಾಮಾನ್ಯವಾಗಿ ಎರಡೂ ಕಣ್ಣಿಗೆ ಒಂದೇ ಇರುತ್ತದೆ. ಬೇರೆಬೇರೆ ಇದ್ದರೆ ಯಾಕೆಂದು ಕೇಳಿ. ಲೆನ್ಸಿನ ಮೇಲೂ ಇದು ಕೆತ್ತಿರುತ್ತದೆ. ಲೆನ್ಸಿಗೆ ಬಾಯಿಂದ ಹಬೆ ಊದಿ, ಕಪ್ಪು ಬಟ್ಟೆಯ ಮುಂದೆ ಬೆಳಕಿಗೆ ಓರೆಯಾಗಿ ಹಿಡಿಯಿರಿ. 34 ಮಿ.ಮೀ. ಅಂತರದಲ್ಲಿ ಎರಡು ಸಣ್ಣ ಗುರುತುಗಳು ತೇಲಿಬಂದಂತೆ ಕಾಣುತ್ತವೆ. ಕಿವಿಯ ಕಡೆಯ ಗುರುತಿನ ಕೆಳಗೆ ಆ್ಯಡ್ ಸಂಖ್ಯೆ ಇರುತ್ತದೆ. 20 ಎಂದಿದ್ದರೆ +2.00. ಎಡ–ಬಲದ ಗುರುತುಗಳು ಒಂದೇ ಮಟ್ಟದಲ್ಲಿವೆಯಾ ಎಂದೂ ನೋಡಿ.

ಸಕ್ಕರೆ ಕಾಯಿಲೆ ಇರುವವರು ಇನ್ನೊಂದು ವಿಷಯ ನೆನಪಿಸಿಕೊಳ್ಳಬೇಕು. ಕಣ್ಣು ಪರೀಕ್ಷೆ ಮಾಡಿಸಿದ ದಿನ ಸಕ್ಕರೆ ತುಂಬ ಏರಿದ್ದರೆ ಪವರ್ರೇ ಬದಲಾಗಿರಬಹುದು. ಸಕ್ಕರೆ ಹತೋಟಿಗೆ ಬಂದ ಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

ಒಂದೇ ಕಣ್ಣಿಗೆ ಪೊರೆ ಆಪರೇಷನ್ ಆದವರಲ್ಲಿ ಎರಡೂ ಕಣ್ಣಿನ ಪವರ್ ನಡುವೆ ದೊಡ್ಡ ಅಂತರ ಬರುವುದುಂಟು. ವ್ಯತ್ಯಾಸ 2 ಪವರ್ ಇದ್ದು, ಲೆನ್ಸಿನ ನಡುವಿನಿಂದ 10 ಮಿ.ಮೀ. ಕೆಳಗೆ ಓದಿದರೆ ಎರಡು ಕಣ್ಣಿನ ನಡುವೆ 2 ಪ್ರಿಸಂನಷ್ಟು (ಲೆನ್ಸ್ ಬೆಳಕನ್ನು ಎಷ್ಟು ಬಾಗಿಸುತ್ತದೆ ಎಂಬುದರ ಅಳತೆ) ಮೇಲು–ಕೆಳಗಿನ ಸೆಳೆತ ಉಂಟಾಗುತ್ತದೆ. ಒಂದೊಂದೇ ಕಣ್ಣಿಗೆ ಅಕ್ಷರ ಚೆನ್ನಾಗಿರುತ್ತದೆ. ಎರಡೂ ತೆರೆದರೆ ಸಾಲಿನ ಮೇಲೆ ಸಾಲು ಹತ್ತಿದಂತೆ ಕಾಣುತ್ತದೆ, ತಲೆನೋವು ಬರುತ್ತದೆ. ಇಂಥವರಿಗೆ ಓದಲು ಬೇರೆ ಚಾಳೀಸು ಕನ್ನಡಕವೇ ವಾಸಿ ಎನ್ನುವುದು ನನ್ನ ಅಭಿಪ್ರಾಯ. ಪ್ರೋಗ್ರೆಸಿವ್ ಬೇಕೇ ಬೇಕು ಅಂದರೆ ಈ ಸೆಳೆತ ತಗ್ಗಿಸುವಂತೆ ತಿದ್ದಿ ಮಾಡಿದ ಸ್ಲ್ಯಾಬ್ ಆಫ್ ಲೆನ್ಸ್ ಆಗುತ್ತದಾ ಎಂದು ಡಾಕ್ಟರನ್ನು ಕೇಳಿ.

ಅಂಗಡಿಯಲ್ಲಿ ಏನು ಕೇಳಬೇಕು?

‘ಸರಿ ಕಾಣ್ತಿಲ್ಲ’ ಎಂದಷ್ಟೇ ಹೇಳಬೇಡಿ. ‘ಎಡಗಣ್ಣಿಗೆ ಪೇಪರ್ ಮೂಗಿನ ಕಡೆ ಸರಿಸಿದರೆ ಮಾತ್ರ ಸ್ಪಷ್ಟ’ ಎಂದು ಹೇಳಿ. ಹಳೆಯ ಕನ್ನಡಕ, ಚೀಟಿ ಎರಡನ್ನೂ ಒಯ್ಯಿರಿ. ಮೊದಲು ಫ್ರೇಮ್ ಹೊಂದಿಸಲಿ. ಆಮೇಲೆ ಕಂಪನಿಯ ಚಾರ್ಟ್ ಮೇಲಿಟ್ಟು ಲೆನ್ಸಿನ ಫಿಟ್ಟಿಂಗ್ ಗುರುತನ್ನು ಪೆನ್ನಿನಿಂದ ಹಾಕಿ, ನಿಮ್ಮ ಮುಖದ ಮೇಲೆ ಅದು ಕಣ್ಣಿನ ಪಾಪೆಯ ನಡುವಿಗೆ ಬರುತ್ತದಾ ಎಂದು ನಿಮ್ಮ ಎದುರು ಸಮಮಟ್ಟದಲ್ಲಿ ಕೂತು ನೋಡಲಿ. ಮೂಗಿನಿಂದ ಪಾಪೆಗೆ ಇರುವ ಪಿ.ಡಿ. ಅಳತೆಯನ್ನು ಎಡಕ್ಕೂ ಬಲಕ್ಕೂ ಪ್ರತ್ಯೇಕವಾಗಿ ಅಳೆಯಲು ಹೇಳಿ. ಒಂದು ಕಡೆ 31, ಇನ್ನೊಂದು ಕಡೆ 33 ಮಿ.ಮೀ. ಇರುವುದು ಏನೂ ವಿಶೇಷವಲ್ಲ. ಒಟ್ಟು 64 ಎಂದು ಅಳೆದು ಅರ್ಧ ಮಾಡಿ 32, 32 ಹಾಕಿದರೆ ಎರಡೂ ಲೆನ್ಸ್ ಒಂದೊಂದು ಮಿ.ಮೀ. ತಪ್ಪಿದ ಹಾಗೆ.

ಅಳತೆ ತಪ್ಪಿದ್ದರೆ ಲೆನ್ಸ್ ಹೊಸದಾಗಿ ಮಾಡಿಸಬೇಕಾಗುತ್ತದೆ. ಫ್ರೇಮ್ ಬಗ್ಗಿಸಿ ಮುಚ್ಚಿಹಾಕಲು ಬಿಡಬೇಡಿ. ಇಂತಿಷ್ಟು ದಿನದೊಳಗೆ ತಂದರೆ ಲೆನ್ಸ್ ಬದಲಿಸಿಕೊಡುವ ಕಂಪನಿಗಳಿವೆ. ಆ ಅವಧಿಯನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ‘ಅಡ್ಜಸ್ಟ್ ಆಗುತ್ತೆ’ ಎಂದು ಕಾಯುತ್ತಾ ಕೂತರೆ ಆ ದಿನಗಳೇ ಕಳೆದುಹೋಗುತ್ತವೆ.